ಆರು ಗುಂಟೆ ಸ್ವರ್ಗ, ಮೂರು ಚದರ ಮನೆ

ಸೋವಿಯತ್ ಒಕ್ಕೂಟದಲ್ಲಿ ಭೂಮಿಯೆಲ್ಲ ಸರ್ಕಾರದ್ದು. ರೈತನ ಹೊಲ, ಕುದುರೆ, ನೇಗಿಲು ಎಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿದ್ದಾಯಿತು. ಟ್ರ್ಯಾಕ್ಟರ್ ಬಂತು, ಪಂಚವಾರ್ಷಿಕ ಯೋಜನೆ ಬಂತು, ಅಂಗಡಿಗೆ ತರಕಾರಿ ಮಾತ್ರ ಸರಿಯಾಗಿ ಬರಲಿಲ್ಲ. ಆಗ ಸೋವಿಯತ್ ಸರ್ಕಾರಕ್ಕೆ ಒಂದು ಐಡಿಯಾ ಹೊಳೆಯಿತು. ಮೇಷ್ಟ್ರು, ಇಂಜಿನಿಯರು, ಕಾರ್ಖಾನೆ ಕಾರ್ಮಿಕರು ರಜೆ ದಿನ ಸುಮ್ನೆ ಕೂತಿರುತ್ತಾರಲ್ಲ, ಅವರ ಕೈಗೆ ಗುದ್ದಲಿ ಕೊಟ್ಟರಾಯಿತು!

1949ರಲ್ಲಿ ಇವರಿಗೆ ತೋಟದ ಜಾಗ ಕೊಡುವ ಆದೇಶ ಹೊರಟಿತು. ಮುಂದೆ ಕುಟುಂಬಕ್ಕೆ ಆರು ‘ಸೋತ್ಕ’ ಜಾಗ ಅನ್ನೋದೇ ರೂಢಿಯಾಯಿತು. ಅಂದರೆ 600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆರು ಗುಂಟೆ. ಜಾಗ ಎಂಥದ್ದು? ಸಾಮೂಹಿಕ ಹೊಲಕ್ಕೆ ಬೇಡವಾದದ್ದು. ಅಂದು ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಬೆಲಾರಸ್‌ನಲ್ಲಿ ಅಂಥದ್ದಕ್ಕೇನು ಬರ? ಜೌಗು, ಮರಳು, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ. ಟ್ರ್ಯಾಕ್ಟರೇ ಹೂತುಹೋಗುವ ನೆಲದಲ್ಲಿ ಆಫೀಸಿನ ಗುಮಾಸ್ತೆ ಸೌತೆಕಾಯಿ ಬೆಳೆಯಬೇಕು. ಬೆಳೆದಳು ಕೂಡ. ಸರ್ಕಾರಕ್ಕೆ ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಬೆಳೆದವಳು ಅಲ್ಲೇ ನೆಮ್ಮದಿಯಾಗಿ ಕೂತುಬಿಟ್ಟರೆ? ಚಹಾ ಕುಡಿಯುತ್ತಾ ‘ಇದು ನನ್ನದು’ ಅಂದುಬಿಟ್ಟರೆ? ಸಮಾಜವಾದದ ಗತಿ? 1960ರ ದಶಕದಲ್ಲಿ ನಿಯಮ ಟೇಪು ಹಿಡಿದುಕೊಂಡೇ ಬಂತು. ತೋಟದ ಮನೆ 25 ಚದರ ಮೀಟರ್ ದಾಟಬಾರದು. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಮೂರು ಚದರವೂ ಆಗಲಿಲ್ಲ. ಮಹಡಿ ಕೂಡದು. ಮನೆ ಬೆಚ್ಚಗಿಡುವ ಒಲೆಯಂತೂ ಕೂಡದೇ ಕೂಡದು. ಒಲೆ ಇದ್ದರೆ ಚಳಿಗಾಲದಲ್ಲೂ ಉಳಿಯುತ್ತಾರೆ, ಉಳಿದರೆ ಅದು ನಿಜವಾದ ಮನೆಯಾಗುತ್ತದೆ, ಒಬ್ಬನಿಗೆ ಎರಡು ಮನೆಯಾಗುತ್ತದೆ. ಹಿಮ ಬೀಳುವ ದೇಶದಲ್ಲಿ ಶ್ರೀಮಂತಿಕೆಯನ್ನು ತಡೆಯಲು ಸರ್ಕಾರ ಕಂಡುಕೊಂಡ ಅಸ್ತ್ರ ಚಳಿ.

ಜನ ನಿಯಮವನ್ನು ಗಮನವಿಟ್ಟು ಓದಿದರು. ಆಮೇಲೆ ಛಾವಣಿ ಎತ್ತರಿಸಿದರು. ಕೆಳಗೆ ಮೂರು ಚದರ, ಮೇಲೆ ಮುಗಿಲಿಗೆ ಮೂಗು ಚಾಚಿದ ಮಾಡು, ಅದರೊಳಗೆ ಮಂಚ, ಬೀರು, ಮಲಗಿದ ಅತ್ತೆ. ಇನ್‌ಸ್ಪೆಕ್ಟರ್ ಬಂದರೆ ಅದು ಮಹಡಿಯಲ್ಲ ಸ್ವಾಮಿ, ಅಟ್ಟ. ಹಬೆಸ್ನಾನದ ‘ಬಾನ್ಯಾ’ ಕಾಗದದ ಮೇಲೆ ಸಾಮಾನು ಇಡುವ ಶೆಡ್ಡು. ಶೆಡ್ಡಿಗೆ ಹೊಗೆಕೊಳವೆ ಯಾಕಪ್ಪ? ಗುದ್ದಲಿಗೆ ನೆಗಡಿ.

ಈ ಟೇಪಿನ ಆಟ ನಡೆಯುತ್ತಿದ್ದಾಗ ಲೆಕ್ಕ ಏನು ಹೇಳುತ್ತಿತ್ತು ನೋಡಿ. ಹಳ್ಳಿಯವರ ಹಿತ್ತಲನ್ನೂ ಸೇರಿಸಿದರೆ ಸೋವಿಯತ್ ದೇಶದ ಖಾಸಗಿ ತುಂಡು ನೆಲ ಒಟ್ಟು ಬಿತ್ತನೆಯ ಸುಮಾರು ಶೇ. 3. ಅಲ್ಲಿಂದ ಬರುತ್ತಿದ್ದದ್ದು ಒಟ್ಟು ಕೃಷಿ ಉತ್ಪನ್ನದ ಸುಮಾರು ಕಾಲು ಭಾಗ. ನಾಚಿಕೆ ಇದ್ದವರಾದರೆ ಟ್ರ್ಯಾಕ್ಟರ್ ತಂದು ಇವರಿಗೇ ಕೊಡುತ್ತಿದ್ದರು.

ಹಾಗಂತ ತೋಟದವರೂ ಸಾಮಾನ್ಯರಲ್ಲ ಬಿಡಿ. ಚಳಿಗಾಲ ಮುಗಿಯುವ ಮೊದಲೇ ಫ್ಲಾಟಿನ ಕಿಟಕಿಕಟ್ಟೆಯ ತುಂಬ ಮೊಸರಿನ ಡಬ್ಬಿಗಳಲ್ಲಿ ಟೊಮೆಟೊ ಸಸಿ. ಮೇ ತಿಂಗಳಲ್ಲಿ ಅವು ಮಕ್ಕಳ ಜೊತೆ ಲೋಕಲ್ ರೈಲು ಹತ್ತುತ್ತವೆ, ಸೀಟು ಸಿಗುವುದು ಸಸಿಗೆ. ಜೂನಿನಲ್ಲಿ ಆಲೂಗಡ್ಡೆ ಗಿಡದಿಂದ ಪಟ್ಟೆಪಟ್ಟೆಯ ಕೊಲೊರಾಡೊ ಜೀರುಂಡೆ ಹೆಕ್ಕಿ ಡಬ್ಬಕ್ಕೆ ಹಾಕುವ ಉತ್ಸವ. ಆಗಸ್ಟಿನಲ್ಲಿ ಜುಕಿನಿ. ಪಕ್ಕದವರಿಗೆ ಕೊಡೋಣವೆಂದರೆ ಅವರೂ ಒಂದು ಚೀಲ ಹಿಡಿದು ನಮ್ಮ ಬಾಗಿಲಿಗೇ ಬರುತ್ತಿರುತ್ತಾರೆ. ಇದಕ್ಕೆ ಅವರು ‘ವಿಶ್ರಾಂತಿ’ ಎನ್ನುತ್ತಾರೆ.

ವರಾಂಡ ಒಂದು ಗೇಣು ಜಾಸ್ತಿಯಾದರೂ ಪತ್ತೆಹಚ್ಚುವ ಸರ್ಕಾರದ ಹದ್ದಿನ ಕಣ್ಣಿಗೆ 1986ರ ಏಪ್ರಿಲ್ 26ರಂದು ಪೊರೆ ಬಂದಿತ್ತು. ಅವತ್ತು ಶನಿವಾರ. ಆಲೂಗಡ್ಡೆ ನೆಡುವ ಕಾಲ. ಗಡಿಯಾಚೆ ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿದಿತ್ತು, ಗಾಳಿ ಬೆಲಾರಸ್ ಕಡೆ ಬೀಸುತ್ತಿತ್ತು, ಜನ ಎಂದಿನಂತೆ ಮಣ್ಣು ಅಗೆಯುತ್ತಿದ್ದರು. ಸೋಮವಾರ ರಾತ್ರಿ ಟಿವಿಯಲ್ಲಿ ನಾಲ್ಕಾರು ಸಾಲಿನ ಸುದ್ದಿ ಓದಿದರು. ಮೇ 1ರ ಮೆರವಣಿಗೆ ತಪ್ಪಲಿಲ್ಲ. ಒಲೆ ಇಡಬೇಡಿ ಅಂತ ಸುತ್ತೋಲೆ ಕಳಿಸಲು ಬಂದವರಿಗೆ, ಈ ವಾರ ತೋಟಕ್ಕೆ ಹೋಗಬೇಡಿ ಅಂತ ಕಳಿಸಲು ಬರಲಿಲ್ಲ.

ಈಗ ಸೋವಿಯತ್ ಇಲ್ಲ. 1994ರಿಂದ ಬೆಲಾರಸ್ ಅಧ್ಯಕ್ಷರ ಗದ್ದುಗೆ ಬಿಡದ ಲುಕಶೆಂಕೊ ಅವರೇ ಹಿಂದೆ ಸರ್ಕಾರಿ ಫಾರ್ಮ್ ಒಂದರ ನಿರ್ದೇಶಕರಾಗಿದ್ದವರು. 2016ರಲ್ಲಿ ಹಾಲಿವುಡ್ ನಟ ಸ್ಟೀವನ್ ಸೆಗಾಲ್ ಬಂದಾಗ ಒಂದು ಕ್ಯಾರೆಟ್ ಹೆರೆದು ಕೈಗಿಟ್ಟರು. ಆ ಮಹಾ ಫೈಟರ್ ಕ್ಯಾಮೆರಾ ಮುಂದೆ ಸುಮ್ನೆ ಕಡಿದು ತಿಂದ. 2020ರಲ್ಲಿ ಕೊರೊನಾ ಬಂತು, ಟ್ರ್ಯಾಕ್ಟರ್ ಎಲ್ಲರನ್ನೂ ಗುಣಪಡಿಸುತ್ತದೆ, ಹೊಲ ಗುಣಪಡಿಸುತ್ತದೆ ಎಂದರು. ಸಿಲಿಂಡರ್ ಹುಡುಕುವುದಕ್ಕಿಂತ ಡೀಸೆಲ್ ಹುಡುಕುವುದು ಸುಲಭ, ಅಲ್ವಾ?

ಇಷ್ಟರಲ್ಲಿ ಹಳ್ಳಿಗಳು ಖಾಲಿಯಾಗಿವೆ. ಪಾಳುಬಿದ್ದ ಮನೆಗಳನ್ನು ಸರ್ಕಾರ ಒಂದು ‘ಬೇಸ್ ಯೂನಿಟ್’ (ದಂಡ, ಶುಲ್ಕ ಲೆಕ್ಕಹಾಕಲು ಸರ್ಕಾರ ಗೊತ್ತುಮಾಡಿದ ಮೊತ್ತ) ಬೆಲೆಗೆ, ನಮ್ಮ ಸಾವಿರ ರೂಪಾಯಿ ಚಿಲ್ಲರೆಗೆ, ಮಾರಾಟಕ್ಕಿಟ್ಟಿದೆ. ಅಂದು ಒಲೆಗೂ ಅನುಮತಿ ಕೊಡದವರು ಇಂದು ಒಲೆ ಸಮೇತ ಮನೆ ತಗೊಳ್ಳಿ ಅನ್ನುತ್ತಿದ್ದಾರೆ.

ಕೊಳ್ಳುವ ಮುಂಚೆ ಬೇಲಿ ಪಕ್ಕ ಒಮ್ಮೆ ಇಣುಕಿ. ಬೋರ್ಷೆವಿಕ್ ಅಂತ ಒಂದು ಗಿಡ, ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ. ರಸ ತಾಗಿ ಬಿಸಿಲು ಬಿದ್ದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ದನದ ಮೇವಿಗೆ ಬಹಳ ಒಳ್ಳೆಯದು ಅಂತ ಸೋವಿಯತ್ ಕಾಲದಲ್ಲಿ ಇದನ್ನು ತಂದು ಬಿತ್ತಿಸಿದ್ದು ಸರ್ಕಾರವೇ. ಈಗ ಅದು ನಿಮ್ಮ ಜಾಗದಲ್ಲಿ ತಲೆಯೆತ್ತಿದರೆ ಕೀಳುವ ಹೊಣೆ ನಿಮ್ಮದು, ಕೀಳದಿದ್ದರೆ ದಂಡವೂ ನಿಮ್ಮದೇ.