ನೀಲಿ ಸೀಮೆಎಣ್ಣೆ ಪ್ರಸಂಗ

ದಸರಾ ರಜೆಗೆ ಸಾಗರದ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಮಗನಿಗೆ ಟೆಂಟ್ ಹುಚ್ಚು ಹತ್ತಿತು. ಕಾಡಿಗೆ ಬೇಡ, ಅಡಿಕೆ ತೋಟದ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಒಂದು ರಾತ್ರಿ ಎಂದು ರಾಜಿಯಾಯಿತು. ಮನೆಯಿಂದ ಕೂಗಿದರೆ ಕೇಳುವಷ್ಟು ದೂರ.

ಬೆಂಗಳೂರಿನಿಂದ ಗ್ಯಾಸ್ ಸ್ಟೋವ್ ತಂದಿದ್ದೆ. ಅಂಗೈಯಗಲದ ಬರ್ನರ್, ಜೊತೆಗೊಂದು ಗ್ಯಾಸ್ ಡಬ್ಬಿ. ಬರ್ನರ್ ತಿರುಪಿನಂತೆ ತಿರುಗಿಸಿ ಕೂರಿಸುವಂಥದ್ದು, ಡಬ್ಬಿ ಅಡ್ಡ ಮಲಗಿಸಿ ಸಿಕ್ಕಿಸುವ ಜಾತಿಯದ್ದು. ಜಾತಕ ಕೂಡಲಿಲ್ಲ. ‘ಟೇಪ್ ಸುತ್ತೋಣ ಅಪ್ಪಾ’ ಎಂದ ಮಗ. ಬೇಡ, ಸೋರುತ್ತದೆ ಎಂದೆ. ಅಂದು ನಾನಾಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಆಗ ಅಟ್ಟದ ನೆನಪಾಯಿತು. ಹಿತ್ತಾಳೆಯ ಪಂಪ್ ಸ್ಟೋವು, ಅದರ ಪಕ್ಕ ಅಪ್ಪನ ಕಾಲದ ಪೆಟ್ರೋಮ್ಯಾಕ್ಸು, ಎರಡೂ ಕೆಳಗಿಳಿದವು. ‘ಹೆಸರಲ್ಲೇ ಪೆಟ್ರೋಲ್ ಇದೆ, ಬೈಕಿಂದ ತೆಗೆಯೋಣ್ವಾ?’ ಎಂದ ಮಗ. ಸುಮ್ನೆ ಬಿಡಲಿಲ್ಲ ನಾನು, ಪಾಠ ಮಾಡಿದೆ. ಜರ್ಮನ್ ಭಾಷೆಯಲ್ಲಿ ಸೀಮೆಎಣ್ಣೆಗೇ ಪೆಟ್ರೋಲಿಯಂ ಎನ್ನುತ್ತಾರೆ, ಅದಕ್ಕೆ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಎಂಬವನ ಹೆಸರು ಅಂಟಿ ಪೆಟ್ರೋಮ್ಯಾಕ್ಸ್ ಆಯಿತು. ಸೀಮೆಎಣ್ಣೆ ಸುಮಾರು 40 ಡಿಗ್ರಿ ಕಾದರೆ ಮಾತ್ರ ಕಿಡಿಗೆ ಹತ್ತುವಷ್ಟು ಆವಿ ಬಿಡುತ್ತದೆ, ಪೆಟ್ರೋಲಾದರೆ ಮೈನಸ್ 40ರಲ್ಲೂ ಬಿಡುತ್ತದೆ. ಸೀಮೆಎಣ್ಣೆ ಸ್ಟೋವಿಗೆ ಪೆಟ್ರೋಲ್ ತುಂಬಿ ಗಾಳಿ ಹೊಡೆದರೆ ಅದು ಸ್ಟೋವಲ್ಲ, ಬಾಂಬು. ಮಗ ಆಕಳಿಸಿದ.

ಇನ್ನು ಸೀಮೆಎಣ್ಣೆ ಹುಡುಕಬೇಕಲ್ಲ. ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ. ಒಬ್ಬರು ನಕ್ಕರು, ಒಬ್ಬರು ‘ಥಿನ್ನರ್ ಇದೆ, ಆಗ್ತದಾ?’ ಎಂದರು. ಪೆಚ್ಚಾಗಿ ವಾಪಸು ಬಂದವನಿಗೆ ಕೊಟ್ಟಿಗೆಯ ಮೂಲೆಯಲ್ಲಿ ನಿಧಿ ಸಿಕ್ಕಿತು. ಹಳೆಯ ನೀರಿನ ಬಾಟಲಿಯಲ್ಲಿ ಮುಕ್ಕಾಲು ಲೀಟರ್ ತಿಳಿ ನೀಲಿ ಎಣ್ಣೆ! ರೇಷನ್ ಸೀಮೆಎಣ್ಣೆ ನೀಲಿ ಎನ್ನುವುದು ನಮ್ಮ ಕಾಲದವರಿಗೆ ಬಾಯಿಪಾಠ. ಕಾಳಸಂತೆಗೆ ಹೋದರೆ ಗೊತ್ತಾಗಲಿ ಎಂದು ಸರ್ಕಾರವೇ ಬಣ್ಣ ಹಾಕಿಸುತ್ತಿತ್ತು. ನನಗೆ ಅಂದು ಶೀತ, ಮೂಗು ಕಟ್ಟಿತ್ತು. ಆದರೆ ಕಣ್ಣು ನೆಟ್ಟಗಿತ್ತಲ್ಲ, ಅಷ್ಟು ಸಾಕು ಅನ್ನಿಸಿತು.

ಸಂಜೆ ಟೆಂಟಿನ ಬಾಗಿಲಲ್ಲಿ ಆಲಿಕೆ ಇಟ್ಟು ಸ್ಟೋವಿಗೆ ಸುರಿದೆ. ಬರ್ನರ್ ಕಾಯಿಸಲು ಸ್ಪಿರಿಟ್ ಇರಲಿಲ್ಲ, ಅದೇ ಎಣ್ಣೆಯನ್ನು ಬರ್ನರ್ ಕೆಳಗಿನ ಬಟ್ಟಲಿಗೂ ಒಂಚೂರು ಬಿಟ್ಟೆ. ಸಣ್ಣಗೆ ಮಳೆ ಹನಿಯತೊಡಗಿತು. ಸ್ಟೋವನ್ನು ಒಳಗೆಳೆದುಕೊಂಡು ಬೆಂಕಿಪೊಟ್ಟಣ ತೆಗೆದೆ.

ಅಷ್ಟರಲ್ಲಿ ಶೀತಕ್ಕೆಂದು ಕಷಾಯ ಹಿಡಿದು ಅಮ್ಮ ಬಂದಳು. ನಾಲ್ಕು ಮಾರು ದೂರದಲ್ಲೇ ನಿಂತಳು. ಮೂಗು ಅರಳಿತು.

‘ಕಡ್ಡಿ ಗೀರಬೇಡ ಮಾರಾಯಾ! ಅದು ಹುಲ್ಲು ಹೊಡೆಯೋ ಮಿಷನ್ನಿನ ಪೆಟ್ರೋಲು!’

ತೋಟದ ಕೆಲಸಕ್ಕೆ ಬರುವವರು ಪೆಟ್ರೋಲಿಗೆ 2ಟಿ ಆಯಿಲ್, ಅಂದರೆ ಟೂ-ಸ್ಟ್ರೋಕ್ ಇಂಜಿನ್ನಿನ ಎಣ್ಣೆ, ಬೆರೆಸಿ ಇಟ್ಟಿದ್ದರಂತೆ. ಆ ಆಯಿಲ್ಲಿನ ಬಣ್ಣ ನೀಲಿ! ಮಗ ನನ್ನನ್ನು ನೋಡಿದ ಬಗೆಯನ್ನು ಬರೆಯಲಾರೆ. ಬೆಳಿಗ್ಗೆ ಮಾಡಿದ ಪಾಠ ಪೂರ್ತಿ ನೆನಪಿತ್ತು ಅವನಿಗೆ, ಆಕಳಿಕೆ ನಾಟಕ ಅಷ್ಟೆ.

ಅಮ್ಮನ ಎರಡನೇ ಕಂತು ಟೆಂಟಿನೊಳಗೆ ಒಲೆ ಹಚ್ಚಹೊರಟಿದ್ದಕ್ಕೆ. ಅದೂ ನ್ಯಾಯವೇ. ಎಂಥ ಒಳ್ಳೆಯ ಸೀಮೆಎಣ್ಣೆ, ಗ್ಯಾಸ್ ಆದರೂ ಮುಚ್ಚಿದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ಅಲ್ಲಿ ಅಮ್ಮನ ಮೂಗೂ ಸೋಲುತ್ತದೆ.

ಎಣ್ಣೆ ವಾಪಸು ಬಾಟಲಿಗೆ ಹೋಯಿತು. ಸ್ಟೋವು ಮುಚ್ಚಳ ತೆರೆದುಕೊಂಡು ಅಂಗಳದ ಮೂಲೆಯ ಬಯಲಲ್ಲಿ ರಾತ್ರಿ ಕಳೆಯಿತು. ನಾವು ಅಡುಗೆಮನೆಯಲ್ಲಿ ಅಪ್ಪೆಹುಳಿ ಅನ್ನ ಉಂಡು, ಬ್ಯಾಟರಿ ಟಾರ್ಚ್ ಹಿಡಿದು ಟೆಂಟಿಗೆ ಹೋಗಿ ಮಲಗಿದೆವು.

ಬೆಳಿಗ್ಗೆ ಅಮ್ಮ ಬಾಟಲಿಯ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿ, ಮಗನ ಕೈಯಲ್ಲಿ ದಪ್ಪ ಅಕ್ಷರದಲ್ಲಿ ‘ಪೆಟ್ರೋಲು’ ಎಂದು ಬರೆಸಿದಳು. ಆಮೇಲೆ ಅದನ್ನು ನನ್ನ ಮುಖದ ಮುಂದೆ ಹಿಡಿದಳು.

‘ಓದ್ಲಿಕ್ಕೆ ಬರ್ತದಲ್ವಾ ನಿಂಗೆ?’