ಆರು ಗಾಂಧಾರಿಯ ಲೆಕ್ಕ

ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಪ್ಪಾ, ಶನಿವಾರ ಬರ್ತೇನೆ. ಬಟರ್ ಫ್ರೂಟ್ ತಂದಿಡಿ, ಗ್ವಾಕಮೋಲಿ ಮಾಡುವ."

ನಮ್ಮ ಮಂಗಳೂರಿನಲ್ಲಿ ಬಟರ್ ಫ್ರೂಟ್ ಅಂದರೆ ಹಾಲು, ಸಕ್ಕರೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ಉದ್ದ ಗ್ಲಾಸಿನಲ್ಲಿ ಕೊಡುವ ಜ್ಯೂಸು. ಗ್ವಾಕಮೋಲಿ ಮೆಕ್ಸಿಕೋದವರ ಅಡುಗೆಯಂತೆ; ಆ ಹಣ್ಣಿಗೆ ಉಪ್ಪು, ನೀರುಳ್ಳಿ, ಮೆಣಸು ಹಾಕುವುದೆಂದರೆ ಗುಲಾಬ್ ಜಾಮೂನಿಗೆ ಒಗ್ಗರಣೆ ಕೊಟ್ಟ ಹಾಗೆ. ಆದರೂ ಅವಳು ಬರುವಷ್ಟರಲ್ಲಿ ನಾನೇ ಮಾಡಿಟ್ಟುಬಿಡಬೇಕೆಂಬ ಹುಕಿ ಬಂತು. ಹೆಂಡತಿ ಪುತ್ತೂರಿನ ತವರಿಗೆ ಪೂಜೆಗೆಂದು ಹೋಗಿದ್ದಳು. ಮನೆಯಲ್ಲಿದ್ದದ್ದು ನನ್ನ ಅಮ್ಮ ಮಾತ್ರ, ಅವರು ತಡೆಯುವವರಲ್ಲ.

ಬುಧವಾರ ಮಾರ್ಕೆಟಿನಿಂದ ನಾಲ್ಕು ಹಣ್ಣು ತಂದೆ. ಹಣ್ಣು ಎನ್ನುವುದು ಮರ್ಯಾದೆಗೆ; ಎಸೆದರೆ ನಾಯಿ ಓಡುವಷ್ಟು ಗಟ್ಟಿ. ಒಂದನ್ನು ಕುಕ್ಕರಿನಲ್ಲಿಟ್ಟು ಎರಡು ವಿಸಿಲ್ ಕೂಗಿಸಿದೆ. ಮೆತ್ತಗಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಗಿಟ್ಟರೆ ಹಾಗಲಕಾಯಿಯ ಅಣ್ಣ. ಈ ಹಣ್ಣು ಬೆಂದರೆ ಕಹಿಯಾಗುತ್ತದಂತೆ, ಅದು ಗೊತ್ತಾದದ್ದು ಆಮೇಲೆ. ಅಮ್ಮ ಮಾತಾಡದೆ ಉಳಿದ ಮೂರನ್ನು ಒಂದು ಕದಳಿ ಬಾಳೆಹಣ್ಣಿನ ಜೊತೆ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರು. ಬೆಣ್ಣೆಹಣ್ಣು ಮರದಲ್ಲಿರುವಾಗ ಹಣ್ಣಾಗುವುದಿಲ್ಲ, ಕೊಯ್ದ ಮೇಲೆಯೇ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ತಾಗಿದರೆ ಬೇಗ ಆಗುತ್ತದೆ. ಅಮ್ಮನಿಗೆ ಅನಿಲದ ಹೆಸರು ಗೊತ್ತಿಲ್ಲ, ಡಬ್ಬಿ ಗೊತ್ತು. ಶನಿವಾರ ಬೆಳಗ್ಗೆ ಮೂರೂ ಬೆಣ್ಣೆ.

ಇನ್ನು ಮೆಣಸು. ಮೊಬೈಲಿನ ಪಾಕವಿಧಾನದಲ್ಲಿ 'ಒಂದು ಹಾಲಪೇನ್ಯೊ, ಬೀಜ ತೆಗೆದದ್ದು' ಎಂದಿತ್ತು. ಚಿತ್ರದಲ್ಲಿ ನೋಡಿದರೆ ನಮ್ಮ ಬಜ್ಜಿ ಮೆಣಸಿನ ತಮ್ಮನ ಹಾಗಿತ್ತು. ನಮ್ಮಲ್ಲಿ ಬಾವಿಕಟ್ಟೆಯ ಪಕ್ಕ ಯಾರೂ ನೆಡದ ಗಾಂಧಾರಿ ಮೆಣಸಿನ ಗಿಡ ಉಂಟು. ಪಿಕಳಾರ ಹಕ್ಕಿಗಳು ಕೆಂಪಾದದ್ದನ್ನು ನುಂಗಿ ಅಲ್ಲಲ್ಲಿ ಬಿತ್ತುತ್ತವೆ; ಹಕ್ಕಿಗೆ ಆ ಖಾರ ತಾಗುವುದೇ ಇಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು, ಲೆಕ್ಕ ಹಾಕಿದೆ: ಹಾಲಪೇನ್ಯೊ ಮೂರು ಇಂಚು, ಗಾಂಧಾರಿ ಅರ್ಧ ಇಂಚು. ಆರು ಹಾಕಿದರೆ ಸಮ.

ಲೆಕ್ಕ ಸರಿಯೇ ಇತ್ತು. ಖಾರವನ್ನು ಇಂಚಿನಲ್ಲಿ ಅಳೆಯುವುದಿಲ್ಲ, ಅಷ್ಟೇ. 1912ರಲ್ಲಿ ಸ್ಕೋವಿಲ್ ಎಂಬ ಅಮೆರಿಕನ್ ಔಷಧ ತಜ್ಞ ಅದಕ್ಕೆಂದೇ ಒಂದು ಮಾಪನ ಮಾಡಿಟ್ಟಿದ್ದಾನೆ. ಅದರಲ್ಲಿ ಹಾಲಪೇನ್ಯೊ ಹೆಚ್ಚೆಂದರೆ 8,000 ಮುಟ್ಟುತ್ತದೆ. ಗಾಂಧಾರಿಯ ಜಾತಿಯ ಸಣ್ಣ ಮೆಣಸುಗಳು 50,000ದಿಂದ ಮೇಲೆಯೇ.

ಅಷ್ಟಾದರೂ ಬಚಾವಾಗುತ್ತಿದ್ದೆನೋ ಏನೋ. 'ಬೀಜ ತೆಗೆದದ್ದು' ಎಂದಿತ್ತಲ್ಲ! ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಆರು ಮೆಣಸನ್ನು ಸೀಳಿ, ಒಂದೊಂದರ ಬೀಜವನ್ನೂ ಹೆಬ್ಬೆರಳಿನ ಉಗುರಿನಿಂದ ಕೆರೆದೆ. ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದನ್ನೆಲ್ಲ ಶ್ರದ್ಧೆಯಿಂದ ಉಗುರಿನ ಸಂದಿಗೆ ತುಂಬಿಸಿಕೊಂಡೆ.

ಮತ್ತೆ ಇದು ಮಂಗಳೂರು. ಮೇ ತಿಂಗಳು, ಬೆಳಗ್ಗೆ ಹನ್ನೊಂದು ಗಂಟೆ, ಕರೆಂಟಿಲ್ಲ. ಹಣೆಯಿಂದ ಬೆವರು ಇಳಿಯಿತು. ಒರೆಸಿಕೊಂಡೆ.

ಮುಂದಿನ ಹತ್ತು ನಿಮಿಷ ನಾನು ಕಂಡದ್ದು ಕಡಿಮೆ, ಕೇಳಿದ್ದು ಜಾಸ್ತಿ. ಬಚ್ಚಲಿನ ಕಡೆ ಓಡುವಾಗ ಬಾಗಿಲು ಸಿಕ್ಕಿತು, ಹಣೆಗೆ. ನಳ್ಳಿಯ ಕೆಳಗೆ ಕಣ್ಣು ತೊಳೆದದ್ದೇ ತೊಳೆದದ್ದು. ತೊಳೆಯುವ ಕೈ ಅದೇ ಕೈ. ಹಿಂದಿನಿಂದ ಅಮ್ಮನ ಸ್ವರ: "ಎಂತ ಮಾರಾಯ, ಕೈಗೆ ನೀರು ಹಾಕಿದರೆ ಖಾರ ಹೋಗ್ತದಾ? ಮೊದಲು ಎಣ್ಣೆ ಹಚ್ಚು!" ಕೈಗೆ ತೆಂಗಿನೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಾಕಿ, ಸೋಪಿನಲ್ಲಿ ತೊಳೆಸಿದರು. ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಇದನ್ನೂ ನಾನು ಓದಿ ತಿಳಿದದ್ದು ಸಂಜೆ, ಒಂದೇ ಕಣ್ಣಿನಲ್ಲಿ.

ಮಗಳು ಬಂದಾಗ ಅಡುಗೆಮನೆಯಲ್ಲಿ ಅಮ್ಮ ಇದ್ದರು. ಮೂರು ಹಣ್ಣನ್ನೂ ಕಿವುಚಿ, ನನ್ನ ಆರು ಗಾಂಧಾರಿಯಲ್ಲಿ ಐದನ್ನು ಹೆಕ್ಕಿ ಬಿಸಾಡಿ, ನೀರುಳ್ಳಿ, ಕೊತ್ತಂಬರಿ ಸೊಪ್ಪು, ಲಿಂಬೆರಸ ಸೇರಿಸಿ, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಬೆಳ್ಳುಳ್ಳಿ ಒಗ್ಗರಣೆಯನ್ನೂ ಚುಂಯ್ ಅನಿಸಿದ್ದರು.

"ಅಜ್ಜಿ, ಇದು ಗ್ವಾಕಮೋಲಿ ಅಲ್ಲ!"

"ಗೊಜ್ಜು ಮಗಾ. ಸುಟ್ಟ ಬದನೆಯದ್ದು ಮಾಡ್ತೇವಲ್ಲ, ಹಾಗೆಯೇ."

ಮೆಕ್ಸಿಕೋದ ಹಳೆಯ ನಾವಾಟ್ಲ್ ಭಾಷೆಯಲ್ಲಿ 'ಮೊಲ್ಲಿ' ಅಂದರೆ ಹೆಚ್ಚುಕಡಿಮೆ ಗೊಜ್ಜೇ ಎಂದು ಹೇಳಲು ಹೊರಟೆ. ನನ್ನ ಮುಖ ನೋಡಿ ಇಬ್ಬರೂ ನಗತೊಡಗಿದ್ದರಿಂದ ಬಿಟ್ಟೆ. ಮಗಳು ಹಲಸಿನ ಹಪ್ಪಳದಲ್ಲಿ ಅದ್ದಿ ತಿಂದಳು, ಅಮ್ಮ ಕುಚ್ಚಲಕ್ಕಿ ಗಂಜಿಗೆ ನೆಂಜಿಕೊಂಡರು. ನನ್ನ ಪಾಲಿಗೆ ಮೊಸರನ್ನ.

ಮರುದಿನ ಬೆಳಗ್ಗೆ ಎದ್ದವನೇ ಅಭ್ಯಾಸಬಲದಿಂದ ಹೆಬ್ಬೆರಳಿನಿಂದ ಕಣ್ಣಿನ ಪಿಸರು ತೆಗೆದೆ. ಉಗುರಿನ ಸಂದಿಗೆ ಎಣ್ಣೆ ತಲುಪಿರಲಿಲ್ಲ.

ಅಡುಗೆಮನೆಯಿಂದ ಅಮ್ಮ ತಿರುಗಿಯೂ ನೋಡದೆ ಹೇಳಿದರು: "ಎಣ್ಣೆ ಅಲ್ಲೇ ಕಿಟಕಿಯಲ್ಲಿ ಉಂಟು."