ಇಲ್ಲಾರೀ, ನಾನು ಬೊಟಿಕ್ ತೆರೆಯಲ್ಲ

ನಿನ್ನೆ ಬನಶಂಕರಿಯಲ್ಲಿ ಒಂದು ನಾಮಕರಣ. ಮಗಳಿಗೆ ನಾನೇ ಹೊಲಿದ ಖಣದ ಫ್ರಾಕ್ ಹಾಕಿ ಕರೆದುಕೊಂಡು ಹೋಗಿದ್ದೆ. ಎಲೆ ಮುಂದೆ ಕೂತು ಪಾಯಸ ಬರುವಷ್ಟರಲ್ಲಿ ಒಬ್ಬರಾದ ಮೇಲೆ ಒಬ್ಬರದ್ದು ಅದೇ ಮಾತು. "ಎಷ್ಟು ಚೆನ್ನಾಗಿ ಹೊಲಿದಿದೀರಾ! ಒಂದು ಬೊಟಿಕ್ ಶುರು ಮಾಡಬಾರದಾ?"

ಯಾಕೆ ಮಾಡಬೇಕು ಸ್ವಾಮೀ?

ಮೆಚ್ಚಿಕೊಂಡರಲ್ಲ, ಅದಕ್ಕೂ ಸಿಟ್ಟಾ ಅಂತೀರಿ. ಮೆಚ್ಚಿದ್ದಕ್ಕೆ ಖುಷಿಯೇ, ಒಳಗೊಳಗೇ ಉಬ್ಬಿಯೂ ಹೋದೆ. ಆದರೆ ಆ ಮೆಚ್ಚುಗೆ ಅರೆಗಳಿಗೆಯೂ ಫ್ರಾಕ್ ಮೇಲೆ ನಿಲ್ಲುವುದಿಲ್ಲ. ಸೀದಾ ಇನ್‌ಸ್ಟಾಗ್ರಾಂ ಪೇಜು, ಫೋಟೋಶೂಟು, ಕೊರಿಯರು. ಬೆಂಗಳೂರಲ್ಲಿ ಉಪ್ಪಿನಕಾಯಿ ಚೆನ್ನಾಗಿ ಹಾಕಿದರೂ ಯಾರಾದರೊಬ್ಬರು ಫಂಡಿಂಗ್ ಮಾತೆತ್ತುತ್ತಾರೆ.

ಫ್ರಾಕ್ ಬಗ್ಗೆ ಒಬ್ಬರಾದರೂ ಕೇಳಬಾರದಿತ್ತಾ? ಗುಳೇದಗುಡ್ಡದ ಖಣ ನೋಡೋಕೆ ಚೆಂದ, ಆದರೆ ಒಳಬದಿ ಮಗುವಿನ ಮೈಗೆ ಉಜ್ಜುತ್ತದೆ. ಅದಕ್ಕೆ ಪೂರ್ತಿ ಮಲ್‌ಮಲ್ ಲೈನಿಂಗ್ ಕೊಟ್ಟಿದ್ದೇನೆ. ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ, ಹೊರಗಿನದು ಜೋಲು ಬೀಳುತ್ತದೆ. ಕಂಕುಳಲ್ಲಿ ಹೊಲಿಗೆ ಚುಚ್ಚದ ಹಾಗೆ ಪೈಪಿಂಗ್. ಬೆನ್ನಿಗೆ ಜಿಪ್ ಇಲ್ಲ, ಗುಂಡಿ. ಕಾಜಾ ಕೈಯಲ್ಲೇ ಹಾಕಿದ್ದು. ಕೆಳಗೆ 3 ಇಂಚು ಒಳಕ್ಕೆ ಮಡಚಿ ಬಿಟ್ಟಿದ್ದೇನೆ, ಬರುವ ವರ್ಷ ಬಿಚ್ಚಿದರೆ ಮತ್ತೆ ಉದ್ದಕ್ಕೆ ಸರಿಹೋಗುತ್ತದೆ. ಎರಡೂ ಕಡೆ ಜೇಬು, ಗಟ್ಟಿ ಬಟ್ಟೆಯದು. ಯಾಕೆಂದರೆ ಇವಳು ಕಲ್ಲು ಆರಿಸುತ್ತಾಳೆ. ಎಲ್ಲಿ ಹೋದರೂ ಕಲ್ಲು.

ಇದನ್ನು ಸ್ಮಾಲ್, ಮೀಡಿಯಂ, ಲಾರ್ಜ್ ಮಾಡಿ ಮಾರುವುದು ಹೇಗೆ? ಇವಳ ಭುಜ ಸಣ್ಣದು, ಹೊಟ್ಟೆ ಮುಂದು. (ಹೊಟ್ಟೆ ನಮ್ಮ ಯಜಮಾನರ ಕಡೆಯ ಬಳುವಳಿ, ನನ್ನದಲ್ಲ.)

"ಟ್ಯಾಲೆಂಟ್ ಸುಮ್ನೆ ವೇಸ್ಟ್ ಆಗತ್ತಲ್ಲಮ್ಮ, ನಾಲ್ಕು ಕಾಸು ಬಂದರೆ ಬೇಡ್ವಾ?" ಅಂದರು ಒಬ್ಬರು ಆಂಟಿ. ದುಡ್ಡು ಬೇಡ ಅನ್ನುವಷ್ಟು ಸಿರಿವಂತರೇನಲ್ಲ ನಾವು, ಇಎಂಐ ನಮಗೂ ಇದೆ. ಆದರೆ ಲೆಕ್ಕ ಹಾಕಿ. ಚಿಕ್ಕಪೇಟೆಯ ಬಟ್ಟೆ, ರಾಜಾ ಮಾರ್ಕೆಟ್‌ನ ಲೇಸು, ಅದರ ಮೇಲೆ ನನ್ನ ಭಾನುವಾರಗಳು. ಇಷ್ಟಕ್ಕೂ ಸೇರಿಸಿ ಬೆಲೆ ಹೇಳಿದರೆ ಅದೇ ಆಂಟಿ, "ಒಂದು ಫ್ರಾಕಿಗೆ ಇಷ್ಟಾ? ಕಮರ್ಷಿಯಲ್ ಸ್ಟ್ರೀಟಲ್ಲಿ ಅರ್ಧಕ್ಕೆ ಸಿಗತ್ತೆ" ಅನ್ನುತ್ತಾರೆ.

ಅರ್ಧಕ್ಕೆ ಹೇಗೆ ಸಿಗುತ್ತದೆ ಅಂತ ಈ ಊರಿನವರಿಗೆ ಹೇಳಿಕೊಡಬೇಕಾ? ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಒಬ್ಬಳು ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಪಕ್ಕದವಳು ತೋಳು ಮಾತ್ರ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಪಿಎಫ್ ದುಡ್ಡು ತೆಗೆಯೋಕೆ ಕೇಂದ್ರ ಸರ್ಕಾರ ಕಟ್ಟುಪಾಡು ತಂದಾಗ, 2016ರ ಏಪ್ರಿಲ್‌ನಲ್ಲಿ ಇದೇ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆವತ್ತು ಟ್ರಾಫಿಕ್ ಜಾಮ್ ಅಂತ ಬೈದುಕೊಂಡವರೇ ಜಾಸ್ತಿ, ಅಲ್ವಾ? ಹೊಲಿಗೆಯಿಂದ ಹೊಟ್ಟೆ ಹೊರೆಯೋದು ಹೇಗಿರುತ್ತದೆ ಅಂತ ಅವರನ್ನು ಕೇಳಿ. ಆಮೇಲೆ ನನಗೆ ಬೊಟಿಕ್ ಉಪದೇಶ ಮಾಡಿ.

ನಿಜ ಹೇಳಲಾ? ನಾನು ಹೊಲಿಯೋದು ಪೂರ್ತಿ ಮಗಳಿಗೋಸ್ಕರವೂ ಅಲ್ಲ. ನನ್ನ ಆಫೀಸು ನಿಮಗೆ ಗೊತ್ತೇ ಇದೆ, ಬೆಳಗಿಂದ ಸಂಜೆವರೆಗೆ ರಿವ್ಯೂ, ಡೆಡ್‌ಲೈನು. ಅಮ್ಮನ ಹಳೇ ಉಷಾ ಮಿಷನ್ ಮುಂದೆ ಕೂತಾಗ ಮಾತ್ರ ಮನೇಲಿ ಯಾರೂ ನನ್ನ ತಂಟೆಗೆ ಬರುವುದಿಲ್ಲ. ಅಲ್ಲಿಗೂ ಗಿರಾಕಿಗಳನ್ನು ಕರೆದು ಕೂರಿಸಲಾ?

ಪಕ್ಕದ ಮನೆಯವರು ಮಗನಿಗೆ ಒಂದು ಜುಬ್ಬ ಹೊಲಿದುಕೊಡಿ, ಎಷ್ಟಾದರೂ ಕೊಡ್ತೀವಿ ಅಂದಿದ್ದರು. "ಬಟ್ಟೆ ತಗೊಂಡು ಬನ್ನಿ, ಮಿಷನ್ ಇಲ್ಲೇ ಇದೆ, ಹೊಲಿಯೋದು ಹೇಳಿಕೊಡ್ತೀನಿ, ದುಡ್ಡು ಬೇಡ" ಅಂದೆ. ಈಗ ಲಿಫ್ಟಲ್ಲಿ ಸಿಕ್ಕರೆ ಫೋನ್ ನೋಡುತ್ತಾರೆ.